ರೋಹಿಣಿ ಮಳೆ ಹೊತ್ತಿಗೆ ಎರಡು ದಿನ ಫೋನ್ ಬಂದ್ ಮಾಡಿ ಗುಡ್ಡ ಹತ್ತಬೇಕು: ಸಂಡೂರೋ, ಹಿರೇಬೆಣಕಲ್ಲೋ?

ಶಿಫ್ಟ್ ಡ್ಯೂಟಿ, ತೋರಣಗಲ್ಲು

ಎಲ್ಲರಿಗೂ ನಮಸ್ಕಾರ. ಇಲ್ಲೇ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ನನ್ನ ಕೆಲಸ. ಡ್ಯೂಟಿ ಪೂರ್ತಿ ಪರದೆ ಮುಂದೆ ಕೂತಿರ್ತೀನಿ, ಮನೆಗೆ ಬಂದ್ರೆ ಕೈಯಲ್ಲಿ ಫೋನು. ನೈಟ್ ಶಿಫ್ಟ್ ಮುಗಿಸಿ ಮಲಗಿದ್ರೂ ಗ್ರೂಪಿನ ಮೆಸೇಜು ನಿಲ್ಲಲ್ಲ. ಮಗಳು ಏಳನೇ ತರಗತಿ ಮುಗಿಸಿದಾಳೆ, ಅವಳ ರಜೆಯೆಲ್ಲ ರೀಲ್ಸ್ ನೋಡೋದ್ರಲ್ಲೇ ಹೋಯ್ತು. ಮೂರು ಜನ ಒಂದೇ ಮನೆಯಲ್ಲಿದ್ದೂ ಸರಿಯಾಗಿ ಮಾತಾಡಿ ಎಷ್ಟು ದಿನ ಆಯ್ತೋ ಅಂತ ಮನೆಯಾಕೆ ಬೇಜಾರು ಮಾಡ್ಕೊಂಡಿದಾಳೆ.

ಶಾಲೆ ಸುರುವಾಗೋ ಮುಂಚೆ, ಮೇ ಕೊನೆಗೆ ಎರಡು ದಿನ ರಜೆ ಸಿಕ್ಕೈತೆ. ಊಟಿ, ಕೊಡೈಕನಾಲ್ ಬೇಡ. ಅಲ್ಲಿಗೆ ಹೋಗಿ ಬರೋದ್ರಲ್ಲೇ ರಜೆ ಮುಗಿಯುತ್ತೆ, ಅಲ್ಲೂ ಜನ ಸಾಲುಗಟ್ಟಿ ಸೆಲ್ಫಿ ತಗೊಳ್ತಿರ್ತಾರೆ. ನಮ್ಮ ಕಡೆ ಗುಡ್ಡಾನೇ ಹತ್ತಬೇಕು. ಷರತ್ತು ಒಂದೇ, ಎರಡು ದಿನ ಮೂವರ ಫೋನೂ ಬಂದ್. ಮಗಳೂ ಒಪ್ಪಿದಾಳೆ, ಆದ್ರೆ ನಿಜವಾಗ್ಲೂ ಏನಾದ್ರೂ ಸಾಹಸ ಇರ್ಬೇಕು, ಸುಮ್ನೆ ಗುಡಿ ನೋಡಿ ಬರೋದಾದ್ರೆ ಬರಲ್ಲ ಅಂತಾಳೆ.

ಸಂಡೂರು ಸಾಲೋ, ಗಂಗಾವತಿ ಕಡೆ ಕಲ್ಲುಗುಡ್ಡಗಳೋ? ಈ ಬಿಸಿಲಲ್ಲಿ ಗುಡ್ಡ ಹತ್ತೋದು ಹುಚ್ಚು ಅಂತ ನಮ್ಮತ್ತೆ. ತಿಳಿದವರು ಹೇಳ್ರಿ.

ಸಂಡೂರು ಸೊಸೆ

ಅಣ್ಣಾ, ಸಂಡೂರು ನೋಡ್ಬೇಕಂದ್ರೆ ಮೇ ತಿಂಗಳು ಬ್ಯಾಡ. ನಮ್ಮ ಗುಡ್ಡಗಳಿಗೆ ಜೀವ ಬರೋದೇ ಮಳೆ ಹಿಡಿದ ಮೇಲೆ. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ರು. ಸಂಡೂರನ್ನ ಸೆಪ್ಟೆಂಬರಿನಲ್ಲಿ ನೋಡ್ಬೇಕು ಅಂದಿದ್ರಂತೆ ಅನ್ನೋ ಮಾತು ಊರಲ್ಲಿ ಎಲ್ಲರ ಬಾಯಲ್ಲೂ ಐತೆ. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಬೆಳಗ್ಗೆ ಕುಮಾರಸ್ವಾಮಿ ಗುಡಿ ಕಡೆ ಹತ್ತಿದ್ರೆ ಮಂಜು ರಸ್ತೆ ಮೇಲೇ ಇರುತ್ತೆ. ನಾರಿಹಳ್ಳ ಡ್ಯಾಮಿನ ಸುತ್ತ ಕಣ್ಣು ಹಾಯ್ದಷ್ಟೂ ಹಸಿರು. 12 ವರ್ಷಕ್ಕೊಮ್ಮೆ ಹೂ ಬಿಡೋ ನೀಲಕುರಿಂಜಿ ಪಶ್ಚಿಮಘಟ್ಟದ ಆಚೆ ಬೆಳೆಯೋ ಕೆಲವೇ ಜಾಗಗಳಲ್ಲಿ ನಮ್ಮ ಗುಡ್ಡವೂ ಒಂದು.

ಮೇ ತಿಂಗಳಲ್ಲಿ ಬಂದ್ರೆ ಕಾಣೋದು ಒಣ ಹುಲ್ಲು, ಅದಿರಿನ ಲಾರಿ, ಕೆಂಧೂಳು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದ್ಮೇಲೆ ರಸ್ತೆ ಬದಿ ಗಿಡಗಳ ಎಲೆ ಹಸಿರು ಅನ್ನೋದು ಕಣ್ಣಿಗೆ ಕಂಡಿತ್ತು. ಈಗ ಮತ್ತೆ ಲಾರಿ ಓಡ್ತಾವೆ. ನಮ್ಮೂರನ್ನ ಮೊದಲ ಸಲ ನೋಡೋ ಹುಡುಗಿ ಆ ಧೂಳಲ್ಲಿ ನೋಡೋದು ನನಗೆ ಮನಸ್ಸಿಲ್ಲ. ಇನ್ನೊಂದು ಮಾತು: ಕುಮಾರಸ್ವಾಮಿ ಗುಡಿ ಒಳಗೆ ಹೆಣ್ಣುಮಕ್ಕಳನ್ನ ಬಿಡದ ಪದ್ಧತಿ ಹಿಂದಿನಿಂದ ಬಂದಿದೆ. ಪಕ್ಕದ ಪಾರ್ವತಿ ಗುಡಿ ನೋಡಬಹುದು. ಮಗಳಿಗೆ ಮೊದಲೇ ಹೇಳಿ ಕರ್ಕೊಂಡು ಬನ್ನಿ, ಅಲ್ಲಿ ಬಾಗಿಲಲ್ಲಿ ನಿಂತು ಗೊತ್ತಾದ್ರೆ ಮನಸ್ಸಿಗೆ ನೋವಾಗುತ್ತೆ.

ಕೋಟೆ ಗುಡ್ಡ, ಬಳ್ಳಾರಿ

ಅತ್ತೆಯವರು ಹೇಳಿದ್ರಲ್ಲಿ ಅರ್ಧ ನಿಜ. ಹತ್ತು ಗಂಟೆ ಮೇಲೆ ಬಂಡೆ ಮೇಲೆ ಇರೋದು ಹುಚ್ಚೇ. ಬೆಳಗಿನ ಐದೂವರೆಗೆ ಹತ್ತೋದು ಹುಚ್ಚಲ್ಲ.

ಮೊರೇರ ಗುಡ್ಡದ ದಾರಿ, ಗಂಗಾವತಿ

ಹಿರೇಬೆಣಕಲ್ಲಿಗೇ ಬರ್ರಿ. ಸಾಹಸ ಬೇಕು ಅಂದಾಳಲ್ಲ ನಿಮ್ಮ ಮಗಳು, ಆಕಿಗೆ ಇದೇ ಸರಿಯಾದ ಗುಡ್ಡ.

ಗಂಗಾವತಿಯಿಂದ ಊರು ಸುಮಾರು ಹತ್ತು ಕಿಲೋಮೀಟರ್. ಊರಿಂದ ಮ್ಯಾಲೆ ಗಾಡಿ ಹೋಗಂಗಿಲ್ಲ, ನಡದೇ ಹೋಗಬೇಕು. ಬಂಡಿಗಲ್ಲಿನ ನಡುವಿನ ಸಂದಿ, ಮುಳ್ಳುಕಂಟಿ, ಅಲ್ಲಲ್ಲಿ ಕೈಯೂರಿ ಹತ್ತಬೇಕು. ನಿಧಾನ ಹೋದ್ರ ಒಂದೂವರೆ ತಾಸು ಹಿಡೀರಿ. ಹಾದ್ಯಾಗ ಬಂಡಿ ಗವಿಗಳು ಬರ್ತಾವ, ಒಳಗ ಕೆಂಪು ಬಣ್ಣದಾಗ ಬರೆದ ಮನಷ್ಯಾರು, ಜಿಂಕಿ, ಕುದರಿ ಚಿತ್ರ ಅದಾವ. ಅಲ್ಲಿಂದ ಮ್ಯಾಲೆ ಹೋದ್ರ ಒಮ್ಮಿಗೇ ಊರಿಗೆ ಊರೇ ಎದ್ದು ನಿಂತಂಗ ಕಲ್ಲಿನ ಮನಿಗಳು. ಮೂರು ಕಡೆ ಚಪ್ಪಡಿ, ಮ್ಯಾಲೆ ಚಪ್ಪಡಿ, ಮುಂದಿನ ಚಪ್ಪಡಿಯಾಗ ದುಂಡನ ಕಿಂಡಿ. ಕೆಲವು ಆಳಿಗಿಂತ ಎತ್ತರ. ಅವು ಮನಿ ಅಲ್ರಿ, ಸತ್ತವರಿಗೆ ಕಟ್ಟಿದ್ದು. ಒಟ್ಟು ನಾನೂರರ ಹತ್ರ ಅದಾವ ಅಂತಾರ. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು, ಅಂದ್ರ ಹಂಪಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಹಿಂದಿನವು. ಹೊರಗಿನ ಲೋಕಕ್ಕ ಇದರ ಸುದ್ದಿ ಬರೆದು ತಿಳಿಸಿದಾತ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್, 1835ರಾಗ. ಯುನೆಸ್ಕೋದವರ ತಾತ್ಕಾಲಿಕ ಪಟ್ಟಿಗೆ ಸೇರಿದ್ದು 2021ರಾಗ. ನಡುವ ಎಷ್ಟು ವರ್ಷ ಹೋತು ನೋಡ್ರಿ.

ಒಂದು ದೊಡ್ಡ ಬಂಡಿ ಮ್ಯಾಲೆ ನಗಾರಿ ಗುಂಡು ಐತಿ. ಅರ್ಧ ದುಂಡನ ಕಲ್ಲು. ಬಡದ್ರ ನಗಾರಿ ಬಡದಂಗ ದನಿ ಬರ್ತೈತಿ, ದೂರದ ತನಕ ಕೇಳತೈತಿ. ಆದ್ರ ಬಡೀಬ್ಯಾಡ್ರಿ. ಹೋದವರೆಲ್ಲ ಕಲ್ಲು ತಗೊಂಡು ಬಡದೂ ಬಡದೂ ಅದರ ಮೈಯೆಲ್ಲ ಗುಳಿ ಬೀಳತಾವ. ಮೊರೇರು ಅಂಬೋ ಮೂರು ಗೇಣಿನ ಜನ ಇಲ್ಲಿದ್ರು ಅಂತ ನಮ್ಮಜ್ಜಿ ಹೇಳ್ತಿದ್ಲು. ಮೂರು ಗೇಣಿನವರು ಅಂಥಾ ಚಪ್ಪಡಿ ಹೆಂಗ ಎತ್ತಿದ್ರು ಅಂತ ನಿಮ್ಮ ಮಗಳು ಕೇಳೇ ಕೇಳತಾಳ. ಮಗ್ಗುಲಾಗೇ ಒಂದು ಸಣ್ಣ ಕೆರಿ ಐತಿ. ಕಲ್ಲು ಕಿತ್ತ ಜಾಗಾನೇ ಕೆರಿ ಆಗೈತಿ. ಅದರ ದಂಡಿಗೆ ಕುಂತು ಆಕೀನೇ ಯೋಚನಿ ಮಾಡ್ಲಿ.

ಬಿಸಿಲುನಾಡಿನ ಮೇಷ್ಟ್ರು, ರಾಯಚೂರು

ಮೇಲಿನವರು ಬರೆದದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮಗಳು ಪ್ರೌಢಶಾಲೆಗೆ ಹೋಗುವವಳು, ಕಲ್ಲಿನ ಕಥೆ ಹೇಳಿದರೆ ಕೇಳುತ್ತಾಳೆ. ಗಂಗಾವತಿ, ಆನೆಗೊಂದಿ, ಹಂಪಿಯ ಗುಂಡುಗಳು ಎಲ್ಲಿಂದಲೋ ಉರುಳಿ ಬಂದವಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು ಇದ್ದಲ್ಲೇ ಬಿರುಕು ಬಿಟ್ಟು, ಬಿರುಕಿನ ಮೂಲೆಗಳು ನೀರು, ಬಿಸಿಲಿಗೆ ಸವೆದು ದುಂಡಗಾದವು. ಮೈಮೇಲಿನ ಪದರ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಾ ಹೋಗುತ್ತದೆ. ಇದು ಹತ್ತುವವರಿಗೂ ಬೇಕಾದ ಮಾತು: ಕಾಲಿಡುವ ಮೊದಲು ಚಪ್ಪಡಿಯನ್ನು ಕೋಲಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಆ ಪದರ ಬಿಟ್ಟಿದೆ ಎಂದರ್ಥ, ಅಂಚಿಗೆ ಹೋಗಬೇಡಿ. ಸಂಡೂರಿನದು ಬೇರೆ ಜಾತಿಯ ಕಲ್ಲು, ಇದಕ್ಕಿಂತಲೂ ಹಳೆಯ ಶಿಲೆಗಳ ಪಟ್ಟಿ. ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಅದಿರು ಇರುವ ಕಡೆ ದಿಕ್ಸೂಚಿಯ ಮುಳ್ಳೇ ದಾರಿ ತಪ್ಪುತ್ತದೆ. ಫೋನ್ ಇಲ್ಲದೆ ದಿಕ್ಸೂಚಿ ನಂಬಿ ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಾನು ಬರೆಯಲು ಕೂತದ್ದು ಮುಖ್ಯವಾಗಿ ಸಿಡಿಲಿನ ಬಗ್ಗೆ. ರೋಹಿಣಿ ಮಳೆ ಕೂಡುವುದು ಮೇ 25ರ ಸುಮಾರಿಗೆ, ಮಿರಗ, ಅಂದರೆ ಮೃಗಶಿರಾ ಮಳೆ, ಜೂನ್ 7, 8ಕ್ಕೆ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂದು ರೈತರು ಕಾಯುವ ಮಳೆಯೇ ನಮ್ಮ ಮೂರೂ ಜಿಲ್ಲೆಗಳಲ್ಲಿ ಹೊಲದಲ್ಲಿದ್ದವರನ್ನು, ಕುರಿಯ ಹಿಂದಿದ್ದವರನ್ನು ಸಿಡಿಲಾಗಿ ತೆಗೆದುಕೊಂಡು ಹೋಗುತ್ತದೆ. ಬೆಳಗ್ಗೆ ಆಕಾಶ ಸ್ವಚ್ಛ ಇರುತ್ತದೆ. ಮಧ್ಯಾಹ್ನದ ಕಾವಿಗೆ ಮೋಡ ಎದ್ದು ಮೂರು, ನಾಲ್ಕರ ಹೊತ್ತಿಗೆ ಗುಡುಗು. ಬೋಳು ಗುಡ್ಡದ ತುದಿಯಲ್ಲಿ ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತು.

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಎಣಿಕೆ ಮೂವತ್ತರೊಳಗೆ ಬಂದರೆ ಆಗಲೇ ಇಳಿಯುತ್ತಿರಬೇಕು. ಮಳೆ ಬರಲಿ ನೋಡೋಣ ಎಂದು ಕಾಯಬಾರದು, ಎಷ್ಟೋ ಸಲ ಮಳೆ ಹನಿಗೂ ಮೊದಲೇ ಸಿಡಿಲು ಬೀಳುತ್ತದೆ. ಬಂಡೆ ಸಂದಿ, ಗವಿಯ ಬಾಯಿ ಸುರಕ್ಷಿತ ಎಂದು ಜನ ಒಳಗೆ ಸೇರುತ್ತಾರೆ. ವಿದ್ಯುತ್ತು ಒದ್ದೆ ಬಂಡೆಯ ಮೈಮೇಲೆ ಹರಿದು ಅಲ್ಲಿಗೂ ಬರುತ್ತದೆ. ಒಂಟಿ ಮರ ಇನ್ನೂ ಕೆಟ್ಟದ್ದು. ಪಕ್ಕಾ ಕಟ್ಟಡ ಅಥವಾ ಕಿಟಕಿ ಏರಿಸಿದ ಕಾರು, ಇವೆರಡೇ ಸರಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಹೊರಗೆ ಬರಬೇಡಿ. ಹೊರಡುವ ಬೆಳಗ್ಗೆ, ಫೋನ್ ಬಂದ್ ಮಾಡುವ ಮುಂಚೆ, ‘ಸಿಡಿಲು’ ಅಥವಾ ‘ದಾಮಿನಿ’ ಆ್ಯಪ್ ಒಮ್ಮೆ ನೋಡಿ.

ಕುರಿಗಾಹಿ ಮಗ, ಕನಕಗಿರಿ

ಮೇಷ್ಟ್ರು ಬರೆದದ್ದು ಪೂರಾ ಖರೇ. ನಮ್ಮ ಮನಿಮಂದಿ ಮಧ್ಯಾಹ್ನ ಮೋಡ ಕಪ್ಪಾದ್ರ ಕುರಿ ಹೊಡಕೊಂಡು ತಗ್ಗಿಗೆ ಇಳಿದುಬಿಡತಾರ.

ಕರಡಿ ಬಗ್ಗೆ ಯಾರೂ ಹೇಳಿಲ್ಲ. ದರೋಜಿ ಕರಡಿಧಾಮ ಆಗಿದ್ದು 1994ರಾಗ, ಆದ್ರ ಕರಡಿಗೆ ಬೇಲಿ ಗೊತ್ತಿಲ್ರಿ. ಹೊಸಪೇಟಿ, ಸಂಡೂರು, ಗಂಗಾವತಿ, ಕನಕಗಿರಿ, ಎಲ್ಲಾ ಕಡೆ ಕಲ್ಲುಗುಡ್ಡದಾಗ ಅದಾವ. ಹಗಲೊತ್ತು ಬಂಡಿ ಗವಿಯೊಳಗ ತಂಪಿಗೆ ಮಲಗಿರ್ತಾವ. ಮಳಿ ಬಿದ್ದ ಮ್ಯಾಲೆ ಗೆದ್ದಲ ಹುತ್ತ ಮೆತ್ತಗಾಗತಾವ, ಆವಾಗ ಸಂಜಿ, ಮುಂಜಾನೆ ಹುತ್ತ ಬಗೀತಾ ಓಡಾಡತಾವ. ಅದಕ್ಕ ಕಣ್ಣು ಮಂದ, ಮೂಗು ಚುರುಕು. ನಾವು ಸಪ್ಪಳ ಮಾಡದೇ ಹೋಗಿ ಎದುರಿಗೆ ನಿಂತ್ರ ಗಾಬರಿಬಿದ್ದು ಮ್ಯಾಲೆ ಬೀಳತೈತಿ. ಮರಿ ಬೆನ್ನ ಮ್ಯಾಲಿದ್ರಂತೂ ಕೇಳಬ್ಯಾಡ್ರಿ. ಅದಕ ನಮ್ಮವರು ಗುಡ್ಡದಾಗ ಮಾತಾಡಕೋತ, ಕೋಲು ಬಂಡಿಗೆ ಬಡಕೋತ, ಪದ ಹಾಡಕೋತ ಹೋಗತಾರ. ಯಾವ ಗವಿಯೊಳಗೂ ಬಗ್ಗಿ ಇಣಕಬ್ಯಾಡ್ರಿ. ಚಿತ್ರ ಇರೋ ಗವಿ ಆದ್ರೂ ಅಷ್ಟ, ಮೊದಲು ದೂರ ನಿಂತು ಕೂಗು ಹಾಕ್ರಿ. ಚಿರತಿನೂ ಅದಾವ, ಕತ್ತಲಾಗೂ ಮುಂಚೆ ಊರು ಸೇರ್ರಿ.

ಊರಾಗಿನವರನ್ನ ಒಬ್ಬರನ್ನ ಕರಕೊಂಡು ಹೋಗ್ರಿ. ಆ ಗುಡ್ಡದಾಗ ಕುರಿ, ದನ ಮೇಯಿಸಿದವರು ಆಗಬೇಕು. ಅವರ ಅರ್ಧ ದಿನದ ಕೂಲಿ ಕಳೀತೈತಿ, ಅದನ್ನ ಮನಸಾರೆ ಕೊಡ್ರಿ. ಅವರ ಕಾಲು ಹೋದಲ್ಲಿ ನಿಮ್ಮ ಕಾಲು ಹೋಗಲಿ.

ನಡಿಗೆ ಅಕ್ಕ, ಕೊಪ್ಪಳ

ನಾವು ಹೆಣ್ಣುಮಕ್ಕಳ ಒಂದು ತಂಡ ಗುಡ್ಡ ಹತ್ತತೀವಿ. ಶಿಕ್ಷಕಿಯರು, ನರ್ಸ್, ಕಿರಾಣಿ ಅಂಗಡಿ ನಡೆಸೋರು, ಎಲ್ಲಾರೂ ಇದೀವಿ. ಫೋನ್ ಬಂದ್ ಮಾಡಿ ಹೋಗೋದನ್ನ ನಾವೂ ಮಾಡತೀವಿ, ಹಾಗಾಗಿ ಬರೀತಿದೀನಿ.

ಫೋನ್ ಬಂದ್ ಮಾಡೋದು ಬೇರೆ, ಮನೆಯಲ್ಲಿ ಬಿಟ್ಟು ಹೋಗೋದು ಬೇರೆ ತಮ್ಮಾ. ಒಂದು ಫೋನು ಪೂರ್ತಿ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿ ಬ್ಯಾಗಿನ ತಳಕ್ಕ ಇಡ್ರಿ. ನಮ್ಮ ಕಂಪನಿ ಸಿಗ್ನಲ್ ಇಲ್ಲದಿದ್ರೂ ಬೇರೆ ಯಾವುದಾದ್ರೂ ನೆಟ್‌ವರ್ಕ್ ಇದ್ರ 112ಕ್ಕ ಕಾಲ್ ಹೋಗತೈತಿ. ನೆಟ್‌ವರ್ಕೇ ಇಲ್ಲದ ತಗ್ಗಿನಾಗ ಅದೂ ಹೋಗಂಗಿಲ್ಲ, ಅದಕ್ಕ ಫೋನ್ ಒಂದನ್ನೇ ನಂಬಬಾರದು. ನಾವು ಹೊರಡೋ ಮುಂಚೆ ಮೂರು ಸಂಗತಿ ಕಾಗದದ ಮ್ಯಾಲೆ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಡತೀವಿ: ಯಾವ ಗುಡ್ಡ, ಯಾವ ಊರಿನ ಕಡೆಯಿಂದ ಹತ್ತತೀವಿ, ಎಷ್ಟೊತ್ತಿಗೆ ಇಳಿದು ಫೋನ್ ಮಾಡತೀವಿ. ಆ ಹೊತ್ತು ದಾಟಿ ಎರಡು ತಾಸು ಆದ್ರ ಅವರು ಗುಡ್ಡದ ಬುಡದ ಊರಿಗೆ ಫೋನ್ ಮಾಡಬೇಕು. ಆ ಊರಿನವರ ನಂಬರೂ ಅದೇ ಕಾಗದದಾಗ ಇರಬೇಕು. ಇಷ್ಟು ಮಾಡಿದ ಮ್ಯಾಲೆ ಮನಸ್ಸು ಹಗುರ ಆಗತೈತಿ. ಇಲ್ಲಾಂದ್ರ ಫೋನ್ ಬಂದ್ ಇದ್ರೂ ತಲಿಯೊಳಗ ಅದು ಬಡಕೊಳ್ತಾನೇ ಇರತೈತಿ.

ಮೊದಲ ದಿನ ಹನ್ನೊಂದು ಗಂಟೆ ಸುಮಾರಿಗೆ ಕೈ ತಾನೇ ಕಿಸೆಗೆ ಹೋಗತೈತಿ. ಹೋಗಲಿ, ಬಿಡ್ರಿ. ಎರಡನೇ ದಿನ ಮಾತು ಬರತಾವ. ನಮ್ಮ ತಂಡದಾಗ ಒಬ್ಬಾಕಿ ವರ್ಷಗಟ್ಟಲೆ ಯಾರ ಮುಂದೂ ಹೇಳದ ಮನೆಯ ತಾಪತ್ರಯ ಹೇಳಿದ್ದು ನಮ್ಮ ಕೊಪ್ಪಳದ ಪಲ್ಲಕ್ಕಿಗುಂಡಿನ ಮ್ಯಾಲೆ, ಅಶೋಕನ ಶಾಸನದ ಮಗ್ಗುಲಿಗೆ ಕುಂತಾಗ.

ಸಾಣಾಪುರ, ಆನೆಗೊಂದಿ ಕಡೆ ಉಳಿಯೋರಿಗೆ ಒಂದು ಮಾತು. 2025ರ ಫೆಬ್ರವರಿಯಲ್ಲಿ ಅಲ್ಲಿ ಬಂಡೆ ಮೇಲಿಂದ ಹೊಳಿಗೆ ಜಿಗಿದ ಯುವ ವೈದ್ಯೆ ತೀರಿಕೊಂಡರು. ಮುಂದಿನ ತಿಂಗಳೇ ರಾತ್ರಿ ಕಾಲುವೆ ದಂಡೆಯಲ್ಲಿ ನಕ್ಷತ್ರ ನೋಡಾಕ ಕುಂತವರ ಮೇಲೆ ದಾಳಿ ಆಗಿ ಒಬ್ಬರ ಜೀವ ಹೋಯಿತು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಯಿತು. ಇದನ್ನ ಬರೆಯುವಾಗ ಈಗಲೂ ಕೈ ನಡಗತೈತಿ. ಹೊಳಿಯ ನೀರು ಕಡಿಮೆ ಕಂಡ್ರೂ ಬಂಡೆ ಕೆಳಗೆ ಸುಳಿ ಇರತಾವ, ಇಳೀಬ್ಯಾಡ್ರಿ. ರಾತ್ರಿ ಮನೆಯೊಳಗೇ ಇರ್ರಿ. ನಕ್ಷತ್ರ ಹೋಮ್‌ಸ್ಟೇ ಮಾಳಿಗಿ ಮ್ಯಾಲಿಂದನೂ ಕಾಣತಾವ.

ಸಿಂಧನೂರು ಭತ್ತ

ನೀರು ಎಷ್ಟು ಒಯ್ಯಬೇಕು ಅಂತ ಯಾರೂ ಹೇಳಿಲ್ಲ. ತಲೆಗೆ ನಾಲ್ಕು ಲೀಟರ್. ಅದರಾಗ ಒಂದು ಬಾಟಲಿ ಉಪ್ಪು ಹಾಕಿದ ಮಜ್ಜಿಗಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಉಳ್ಳಾಗಡ್ಡಿ. ಈ ಬಿಸಿಲಿಗೆ ಅನ್ನ, ಪಲ್ಯ ಹಳಸ್ತಾವ.

ಶಿಫ್ಟ್ ಡ್ಯೂಟಿ, ತೋರಣಗಲ್ಲು

ಎಲ್ಲರಿಗೂ ಕೈ ಮುಗೀತೀನಿ. ನಡಿಗೆ ಅಕ್ಕಾರು ಬರೆದಿದ್ದನ್ನ ಮನೆಯಲ್ಲಿ ಜೋರಾಗಿ ಓದಿದೆ. ಕಾಗದ ಬರೆಯೋ ಕೆಲಸ ಮಗಳು ತಗೊಂಡಿದಾಳೆ, ನಕ್ಷೆ ಸಮೇತ ಬರೀತಾಳಂತೆ. ಸಂಡೂರು ಸೆಪ್ಟೆಂಬರಿಗೆ ಇಟ್ಟುಕೊಂಡ್ವಿ. ಈಗ ಹಿರೇಬೆಣಕಲ್. ಮೇಲೆ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಬಹುದಾ?

ಹಳೇ ಶಾಸನ, ಲಿಂಗಸುಗೂರು

ಟೆಂಟ್ ಬೇಡ. ಸಂರಕ್ಷಿತ ಸ್ಮಾರಕದ ಜಾಗ ಅದು.

ನನಗೆ ಈ ಚರ್ಚೆ ನೋಡಿ ಸ್ವಲ್ಪ ಆತಂಕವೇ ಆಗುತ್ತಿದೆ, ನೇರವಾಗಿ ಹೇಳುತ್ತೇನೆ. ಇಂಥ ಜಾಗಗಳ ವಿವರ ಹೀಗೆ ಬಹಿರಂಗವಾಗಿ ಬರೆಯಬಾರದು. ನಿಧಿ ಇದೆ ಎಂದು ಕಲ್ಲುಗೋರಿಗಳ ಬುಡ ಅಗೆಯುವವರಿದ್ದಾರೆ. ಹೆಸರು ಕೆತ್ತುವವರು, ಬಂಡೆಚಿತ್ರದ ಮೇಲೆ ನೀರು ಸುರಿದು ಫೋಟೊ ತೆಗೆಯುವವರು ಇನ್ನೊಂದು ಕಡೆ. ಅಂಜನಾದ್ರಿಯ 575 ಮೆಟ್ಟಿಲಿನ ಇಕ್ಕೆಲ ನೋಡಿದ್ದೀರಲ್ಲ, ನೀರಿನ ಬಾಟಲಿಯ ರಾಶಿ. ಇದೂ ಹಾಗಾಗಲು ಎಷ್ಟು ದಿನ ಬೇಕು? ಜನ ಕಡಿಮೆ ಹೋಗಿದ್ದರಿಂದಲೇ ಎರಡು ಸಾವಿರ ವರ್ಷ ಉಳಿದಿದೆ.

ಮೊರೇರ ಗುಡ್ಡದ ದಾರಿ, ಗಂಗಾವತಿ

ಸರ್, ನಿಮ್ಮ ಕಳವಳ ನನಗೂ ಐತಿ. ಆದ್ರ ನಾನು ಬ್ಯಾರೆ ರೀತಿ ನೋಡತೀನಿ. ನಿಧಿ ಅಗೆಯೋರು ಈ ಚರ್ಚೆ ಓದಿ ಬರಂಗಿಲ್ರಿ, ಅವರಿಗೆ ಜಾಗ ಮೊದಲೇ ಗೊತ್ತು. ಅವರು ಬರೋದು ಯಾರೂ ಹೋಗದ ಗುಡ್ಡಕ್ಕ, ಯಾರೂ ನೋಡದ ಹೊತ್ತಿನಾಗ. ವಾರಕ್ಕ ನಾಲ್ಕು ಕುಟುಂಬ ಊರಾಗಿನ ಹುಡುಗರ ಜೋಡಿ ಹತ್ತಿದ್ರ, ಆ ಹುಡುಗರಿಗೆ ಗುಡ್ಡ ಕಾಯಾಕ ಒಂದು ಕಾರಣ ಸಿಗತೈತಿ. ಅವರ ಅಪ್ಪಗ ಅದು ಬರೀ ದನ ಮೇಯೋ ಗುಡ್ಡ ಆಗಿತ್ತು.

ಹಳೇ ಶಾಸನ, ಲಿಂಗಸುಗೂರು

ಕುಟುಂಬ ಬಂದರೆ ಸರಿ. ಬಸ್ಸುಗಟ್ಟಲೆ ಬಂದಾಗ ಆ ಹುಡುಗರು ಏನು ಮಾಡಲು ಸಾಧ್ಯ? ಈ ವಿಷಯದಲ್ಲಿ ನಾನು ನಿಮ್ಮನ್ನು ಒಪ್ಪಲಾರೆ. ಆದರೆ ಈ ಕುಟುಂಬ ಫೋನ್ ಬಂದ್ ಮಾಡಿ ಬರುತ್ತಿದೆ, ಅಂದರೆ ಜಾಗದ ಗುರುತು ಹಾಕಿ ರೀಲ್ಸ್ ಬಿಡುವುದಿಲ್ಲ. ಅಷ್ಟರಮಟ್ಟಿಗೆ ಸಂತೋಷ. ಹೋದಾಗ ಚಿತ್ರಗಳನ್ನು ಕೈಯಿಂದ ಮುಟ್ಟಬೇಡಿ, ಬೆವರೂ ಎಣ್ಣೆಯೂ ಬಣ್ಣ ತಿನ್ನುತ್ತವೆ. ಚಪ್ಪಡಿಗಳ ಮೇಲೆ ಹತ್ತಬೇಡಿ. ಮಗಳ ಕೈಗೆ ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ಫೋಟೊ ತೆಗೆದದ್ದಕ್ಕಿಂತ ಬರೆದದ್ದರಲ್ಲಿ ಕಿಂಡಿ ಯಾವ ದಿಕ್ಕಿಗಿದೆ, ಚಪ್ಪಡಿ ಹೇಗೆ ಕೂತಿದೆ ಎಂಬುದು ಹೆಚ್ಚು ಕಾಣುತ್ತದೆ.

ಕೋಟೆ ಗುಡ್ಡ, ಬಳ್ಳಾರಿ

ಎರಡನೇ ದಿನ ತೋರಣಗಲ್ಲಿಗೆ ವಾಪಸ್ ಬರೋ ಹಂಗಿದ್ರೆ ನಮ್ಮ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳನ್ನ ಮರೀಬೇಡಿ. ಬಳ್ಳಾರಿಗೆ ಹತ್ತಿರದಲ್ಲೇ ಅವೆ. ಹೊಸ ಶಿಲಾಯುಗದವರು ಕಲ್ಲಿನ ಕೊಡಲಿ ಮಾಡ್ತಿದ್ದ ಜಾಗ. ಕಪ್ಪಗಲ್ಲಿನ ಕರಿಬಂಡೆ ಮೇಲೆ ಉದ್ದ ಕೊಂಬಿನ ಎತ್ತು, ಕುಣಿಯೋ ಜನರನ್ನ ಕುಟ್ಟಿ ಕೆತ್ತಿದಾರೆ. ಬಡಿದ್ರೆ ನಾದ ಬರೋ ಬಂಡೆಗಳೂ ಅಲ್ಲೇ. ಸುತ್ತ ಕಲ್ಲು ಒಡೆಯೋ ಕೆಲಸ ನಡೆದು ಅಷ್ಟೋ ಇಷ್ಟೋ ಹಾಳಾಗಿದೆ. ನಮ್ಮ ಊರಿನ ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸದಿದ್ರೆ ಇದು ಹೋಯ್ತು ಅನ್ನೋದೂ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಈ ವಾದದಲ್ಲಿ ನಾನು ಗಂಗಾವತಿ ಅಣ್ಣನ ಕಡೆ.

ಶಿಫ್ಟ್ ಡ್ಯೂಟಿ, ತೋರಣಗಲ್ಲು

ಟೆಂಟ್ ಬಿಟ್ಟೆ. ಹಿಂದಿನ ರಾತ್ರಿ ಆನೆಗೊಂದಿಯಲ್ಲಿ ಹೋಮ್‌ಸ್ಟೇ, ನಸುಕಿನಲ್ಲಿ ಹೊರಟು ಬೆಳಕು ಹರಿಯೋ ಹೊತ್ತಿಗೆ ಹಿರೇಬೆಣಕಲ್ ಊರಲ್ಲಿ ಇರ್ತೀವಿ. ಹತ್ತು ಗಂಟೆಗೆ ಇಳಿಯೋಕೆ ಸುರು. ಮಾರನೇ ದಿನ ಬೆಳಗ್ಗೆ ಕಪ್ಪಗಲ್ಲು. ಮಗಳು ಸಾಹಸ ಕಮ್ಮಿ ಆಯ್ತಾ ಅಂತ ಕೇಳಿದ್ಲು. ಕುರಿಗಾಹಿ ಅಣ್ಣನ ಕರಡಿ ವಿಷಯ ಓದಿ ಹೇಳಿದ್ಮೇಲೆ ಸಾಕು ಅಂದ್ಲು.

ಕುರಿಗಾಹಿ ಮಗ, ಕನಕಗಿರಿ

ಒಂದು ತಿದ್ದುಪಡಿ. ಬೆಳಕು ಹರಿಯೋ ಹೊತ್ತಿಗೆ ಊರಾಗ ಇರ್ರಿ, ಗುಡ್ಡದಾಗ ಬ್ಯಾಡ. ಕರಡಿ ಗವಿಗೆ ಹೊಳ್ಳೋದು ಅದೇ ಹೊತ್ತಿಗೆ. ಊರಾಗ ಚಾ ಕುಡಿದು, ಜೋಡಿ ಬರೋರನ್ನ ಕರಕೊಂಡು, ಬಿಸಿಲು ಬಂಡಿ ಮ್ಯಾಲೆ ಬಿದ್ದ ಮ್ಯಾಲೆ ಹತ್ತಾಕ ಸುರು ಮಾಡ್ರಿ. ಆರೂವರೆ ಆದ್ರೂ ನಡೀತೈತಿ, ಎಂಟಕ್ಕ ಮ್ಯಾಲಿರ್ತೀರಿ.

ಸಂಡೂರು ಸೊಸೆ

ಸೆಪ್ಟೆಂಬರಿನಲ್ಲಿ ಮರೀದೇ ಬನ್ನಿ ಅಣ್ಣಾ. ರಾಮನದುರ್ಗದ ಗುಡ್ಡಕ್ಕೂ ಹೋಗೋಣ, ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನ ಸಿಪಾಯಿಗಳು ಹವಾ ಬದಲಾವಣೆಗೆ ಬರ್ತಿದ್ದ ಜಾಗ ಅದು. ಕಾಡಿನೊಳಗೆ ನಡೆಯೋದಾದ್ರೆ ಅರಣ್ಯ ಇಲಾಖೆ ಅನುಮತಿ ಬೇಕಾಗುತ್ತೆ, ಮೊದಲೇ ಕೇಳಿಟ್ಟುಕೊಳ್ಳಿ.

ಶಿಫ್ಟ್ ಡ್ಯೂಟಿ, ತೋರಣಗಲ್ಲು

ಬರ್ತೀವಿ ತಂಗಿ. ಕೊನೇ ಪ್ರಶ್ನೆ, ಮನೆಯಾಕೆಯದು: ಕಾಲಿಗೆ ಚಪ್ಪಲಿ ಸಾಕಾ, ಶೂ ಬೇಕಾ?

ನಡಿಗೆ ಅಕ್ಕ, ಕೊಪ್ಪಳ

ಶೂನೇ ಬೇಕು, ತಳದಾಗ ಗೀರು ಸವೆದಿರಬಾರದು. ಹೊಸಾ ಶೂ ಆದ್ರ ಒಂದು ವಾರ ಮೊದಲೇ ಹಾಕ್ಕೊಂಡು ಓಡಾಡಲಿ, ಇಲ್ಲಾಂದ್ರ ಇಳಿಯುವಾಗ ಹೆಬ್ಬೆರಳು ಬೊಬ್ಬೆ ಬರತೈತಿ. ಉಣ್ಣಿ, ಮುಳ್ಳಿನ ಸಲುವಾಗಿ ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿಕೊಳ್ಳಲಿ. ಸೀರೆ ಉಡೋರಾದ್ರ ಆ ದಿನಕ್ಕ ಚೂಡಿದಾರ ಹಾಕ್ಕೊಂಡು ಬರಲಿ.